ತೇಲಲು ಹೊರಟ ರೈಲು ನಿಲ್ದಾಣ

ಟೋಕಿಯೋದ ಉಯೆನೊ ನಿಲ್ದಾಣದಲ್ಲಿ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಬೇಕಾದರೆ ಇಳಿಯುತ್ತಲೇ ಹೋಗಬೇಕು. ಒಂದು ಅಂತಸ್ತು, ಎರಡು, ಮೂರು, ನಾಲ್ಕು. ಪ್ಲಾಟ್‌ಫಾರ್ಮ್ ಇರುವುದು ರಸ್ತೆಯಿಂದ ಸುಮಾರು 30 ಮೀಟರ್ ಕೆಳಗೆ. ಅಲ್ಲಿ ಶಿಸ್ತಾಗಿ ಸಾಲು ನಿಂತ ಜನರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ! 1990ರ ದಶಕದಲ್ಲಿ ಆ ಪ್ಲಾಟ್‌ಫಾರ್ಮಿನ ಅಡಿಯ ಪೊಳ್ಳು ಜಾಗದೊಳಕ್ಕೆ 30,000 ಟನ್ನಿಗೂ ಹೆಚ್ಚು ಕಬ್ಬಿಣವನ್ನು ಸಾಗಿಸಿ ಪೇರಿಸಿದರು. ಐಫೆಲ್ ಗೋಪುರದಲ್ಲಿರುವ ಕಬ್ಬಿಣ ಸುಮಾರು 7,300 ಟನ್. ಅಂಥ ನಾಲ್ಕು ಗೋಪುರಗಳನ್ನು ಕರಗಿಸಿ ಒಂದು ರೈಲು ನಿಲ್ದಾಣದ ಹೊಟ್ಟೆಗೆ ತುಂಬಿದ ಲೆಕ್ಕ. ಆ ಕಬ್ಬಿಣ ಯಾವ ಯಂತ್ರದ ಭಾಗವೂ ಅಲ್ಲ, ಯಾವ ಗೋಡೆಗೂ ಆಸರೆಯಲ್ಲ. ಅದರ ಕೆಲಸ ಒಂದೇ, ಭಾರವಾಗಿ ಬಿದ್ದಿರುವುದು.

ಯಾಕೆ? ನಿಲ್ದಾಣ ಕುಸಿದೀತೆಂದಲ್ಲ. ತೇಲೀತೆಂದು!

ರೈಲು ನಿಲ್ದಾಣವೊಂದು ನೆಲದೊಳಗಿಂದ ಮೇಲಕ್ಕೆ ಏಳಲು ನೋಡುತ್ತದೆ ಎಂಬುದನ್ನು ಮೊದಲ ಸಲ ಓದಿದಾಗ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡೆ. ತಮಾಷೆಯಲ್ಲ. ಆದರೆ ಅದು ಅರ್ಥವಾಗಬೇಕಾದರೆ ಪೂರಾ ಉಲ್ಟಾ ದಿಕ್ಕಿನಿಂದ ಶುರುಮಾಡಬೇಕು, ಟೋಕಿಯೋ ಮುಳುಗುತ್ತಿದ್ದ ಕಾಲದಿಂದ.

ಇಪ್ಪತ್ತನೇ ಶತಮಾನದ ಬಹುಪಾಲು ಆ ನಗರದ ಪೂರ್ವಭಾಗ ಇಳಿಯುತ್ತಲೇ ಇತ್ತು. ಕೊತೊ, ಎದೊಗಾವ ವಾರ್ಡುಗಳು ನಿಂತಿರುವುದು ನದಿಗಳು ತಂದು ಸುರಿದ ಮೆತ್ತನೆ ಜೇಡಿಮಣ್ಣಿನ ಮೇಲೆ. ಕಾರ್ಖಾನೆಗಳು ಬಂದವು, ಅವಕ್ಕೆ ನೀರು ಬೇಕಿತ್ತು, ಅಡಿಯಲ್ಲಿ ಪುಕ್ಕಟೆ ನೀರಿತ್ತು. ಸಾಲದೆಂಬಂತೆ ಆಳದ ನೀರಿನಲ್ಲಿ ಕರಗಿದ್ದ ಇಂಧನ ಅನಿಲಕ್ಕಾಗಿಯೂ ಪಂಪುಗಳು ಓಡಿದವು. ಕೊತೊ ವಾರ್ಡಿನಲ್ಲಿ ಒಂದು ಕಡೆ ನೆಲ ಒಟ್ಟು ಸುಮಾರು 4.5 ಮೀಟರ್ ಇಳಿದಿದೆ. ಅಂದರೆ ಒಂದು ಮನೆಯ ಎತ್ತರಕ್ಕಿಂತ ಹೆಚ್ಚು! ಎದೊಗಾವದ ನಿಶಿಕಸಾಯ್‌ನಲ್ಲಂತೂ 1968ರ ಒಂದೇ ವರ್ಷದಲ್ಲಿ 23.9 ಸೆಂಟಿಮೀಟರ್, ಒಂದು ಗೇಣಿಗಿಂತ ಜಾಸ್ತಿ.

ಆ ಇಳಿತವನ್ನು ಅಳೆದ ಉಪಾಯ ನೋಡಿ, ಎಷ್ಟು ಸರಳ. ಒಂದು ಕಬ್ಬಿಣದ ಕೊಳವೆಯನ್ನು ಮೆತ್ತನೆ ಮಣ್ಣನ್ನೆಲ್ಲ ದಾಟಿಸಿ ಕೆಳಗಿನ ಗಟ್ಟಿ ಪದರದ ಮೇಲೆ ಕೂರಿಸುವುದು. ಸುತ್ತಲಿನ ನೆಲ ಕುಸಿದರೂ ಕೊಳವೆ ಕುಸಿಯುವುದಿಲ್ಲ. ಹಾಗಾಗಿ ವರ್ಷ ಕಳೆದಂತೆ ಕೊಳವೆಯೇ ನೆಲದಿಂದ ಮೊಳೆತು ಮೇಲೆ ಬೆಳೆಯುತ್ತಿರುವಂತೆ ಕಾಣುತ್ತದೆ. ಬೆಳೆದದ್ದು ಕೊಳವೆಯಲ್ಲ, ತಗ್ಗಿದ್ದು ಊರು.

ಇದಕ್ಕೆಲ್ಲ ಪಂಪುಗಳೇ ಕಾರಣ ಎಂದು ಪತ್ತೆ ಮಾಡಿದವರ ಕಥೆ ಇನ್ನೂ ಸೊಗಸು. ವಾದಾಚಿ ಕಿಯೊ ಎಂಬ ಜಪಾನಿ ವಿಜ್ಞಾನಿಯನ್ನು ಜಗತ್ತು ನೆನೆಯುವುದು ಭೂಮಿಯ ನೂರಾರು ಕಿಲೋಮೀಟರ್ ಆಳದಲ್ಲಿ ಹುಟ್ಟುವ ಭೂಕಂಪಗಳನ್ನು ಗುರುತಿಸಿದ್ದಕ್ಕಾಗಿ. ಅದೇ ಮನುಷ್ಯ ಒಸಾಕಾ ನಗರದ ಕುಸಿತವನ್ನೂ ಕೈಗೆತ್ತಿಕೊಂಡರು. ಅಂತರ್ಜಲದ ಮಟ್ಟ ಮತ್ತು ನೆಲದ ಮಟ್ಟವನ್ನು ಪಕ್ಕಪಕ್ಕ ಇಟ್ಟು ನೋಡಿ, ನೀರೆತ್ತುವುದರಿಂದಲೇ ನೆಲ ಇಳಿಯುತ್ತಿದೆ ಎಂದರು. ಒಪ್ಪದವರೂ ಇದ್ದರು. ಆಮೇಲೆ ಯಾರೂ ಬಯಸದ ಒಂದು ಪ್ರಯೋಗ ತಾನಾಗಿ ನಡೆದುಹೋಯಿತು. 1945ರ ಬಾಂಬುಗಳಿಗೆ ಕಾರ್ಖಾನೆಗಳು ಬೂದಿಯಾದವು, ಪಂಪುಗಳು ನಿಂತವು, ಕುಸಿತವೂ ನಿಂತಿತು! ಯುದ್ಧ ಮುಗಿದು ಕಾರ್ಖಾನೆಗಳು ಮತ್ತೆ ಎದ್ದವು, ನೆಲ ಮತ್ತೆ ಇಳಿಯಹತ್ತಿತು. ಇದಕ್ಕಿಂತ ನಿಷ್ಠುರವಾದ ಪುರಾವೆ ಯಾವ ಪ್ರಯೋಗಶಾಲೆಯಲ್ಲಿ ಸಿಕ್ಕೀತು?

ಮಣ್ಣಿನೊಳಗೆ ನಡೆಯುವುದೇನು ಎಂಬುದನ್ನು ಎಂಜಿನಿಯರ್ ಕಾರ್ಲ್ ತೆರ್ಜಾಗಿ 1925ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದರು. ನೀರು ತುಂಬಿದ ಮಣ್ಣಿನಲ್ಲಿ ಮೇಲಿನ ಭಾರವನ್ನು ಹೊರುವವರು ಇಬ್ಬರು. ಒಬ್ಬರು ಮಣ್ಣಿನ ಕಣಗಳು, ಇನ್ನೊಬ್ಬರು ಅವುಗಳ ನಡುವಿನ ನೀರು. ನೀರನ್ನು ಎಳೆದುಕೊಂಡರೆ ಅದು ಹೊತ್ತಿದ್ದ ಪಾಲೂ ಕಣಗಳ ತಲೆಗೇ ಬರುತ್ತದೆ. ಕಣಗಳು ಒತ್ತರಿಸಿಕೊಂಡು ಕೂರುತ್ತವೆ, ನೆಲ ತಗ್ಗುತ್ತದೆ. ಮರಳಿನಲ್ಲಿ ಇದು ಬೇಗ ಮುಗಿದುಹೋಗುತ್ತದೆ. ಜೇಡಿಯಲ್ಲಿ ನೀರು ಜಿನುಗುವುದೇ ನಿಧಾನ, ಆದ್ದರಿಂದ ಕುಸಿತ ದಶಕಗಟ್ಟಲೆ ಎಳೆಯುತ್ತದೆ. ಮುಖ್ಯ ಸಂಗತಿ ಇನ್ನೊಂದಿದೆ: ಒಮ್ಮೆ ಒತ್ತರಿಸಿಕೊಂಡ ಜೇಡಿ, ನೀರು ವಾಪಸು ಬಂದರೂ ಮೊದಲಿನಂತೆ ಉಬ್ಬುವುದಿಲ್ಲ. ಒಂದಿಷ್ಟು ಮೇಲೇಳುತ್ತದೆ, ಅಷ್ಟೆ. ನೆಲ ಹೋದದ್ದು ಹೋಯಿತು. ನೀರು ಮಾತ್ರ ಮರಳಿ ಬರುತ್ತದೆ. ಈ ಅಸಮತೆಯಲ್ಲೇ ಉಯೆನೊ ನಿಲ್ದಾಣದ ಗುಟ್ಟಿರುವುದು.

ಅದಕ್ಕೆ ಮುಂಚೆ ಹಳಿಗಳ ಪಾಡು ಒಂದಿಷ್ಟು ನೋಡೋಣ. ಇಡೀ ಊರು ಒಂದೇ ಸಮ ಇಳಿದರೆ ರೈಲಿಗೆ ಗೊತ್ತೇ ಆಗುವುದಿಲ್ಲ. ಕಂಟಕವೆಲ್ಲ ವ್ಯತ್ಯಾಸದಲ್ಲಿ. ನಿಲ್ದಾಣದ ಕಟ್ಟಡ ಆಳದ ಜಲ್ಲಿಪದರದವರೆಗೆ ಇಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ ಕೂತಿರುತ್ತದೆ, ಅಲ್ಲಾಡುವುದಿಲ್ಲ. ಅದರಿಂದ ಹೊರಟ ಸುರಂಗ ಮೆತ್ತನೆ ಮಣ್ಣಿನೊಳಗೆ ಇದೆ, ಮಣ್ಣಿನೊಂದಿಗೆ ಇಳಿಯುತ್ತದೆ. ಎರಡೂ ಸೇರುವ ಕಡೆ ಹಳಿಗೆ ಮೆಟ್ಟಿಲು ಬೀಳುತ್ತದೆ. ಕಂಬಗಳೂ ನೆಮ್ಮದಿಯಾಗಿಲ್ಲ! ಇಳಿಯುವ ಜೇಡಿ ಕಂಬದ ಮೈಗೆ ಅಂಟಿ ಜೋತುಬೀಳುತ್ತದೆ. ಕಟ್ಟಡದ ಭಾರ ಹೊರಲೆಂದು ನಿಲ್ಲಿಸಿದ ಕಂಬ ನೆಲವನ್ನೇ ಹೊರಬೇಕಾಗುತ್ತದೆ.

ರೈಲಿನವರು ಇದನ್ನೆಲ್ಲ ಮಿಲಿಮೀಟರಿನಲ್ಲಿ ನೋಡುತ್ತಾರೆ. ಜಪಾನಿನ ಪದ್ಧತಿಯಲ್ಲಿ ಹಳಿಯ ಮೇಲೆ 10 ಮೀಟರ್ ಉದ್ದದ ದಾರ ಬಿಗಿದಂತೆ ಕಲ್ಪಿಸಿಕೊಂಡು, ನಡುಮಧ್ಯದಲ್ಲಿ ಹಳಿ ದಾರದಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯುತ್ತಾರೆ. ಶಿಂಕಾನ್‌ಸೆನ್ ವೇಗಕ್ಕೆ ಹತ್ತು ಮೀಟರ್ ಸಾಲದೆಂದು 40 ಮೀಟರಿನ ಅಳತೆಯೂ ಇದೆ. ಜಲ್ಲಿಯ ಮೇಲಿನ ಹಳಿ ತಗ್ಗಿದರೆ ಎತ್ತಿ ಹಿಡಿದು, ಸ್ಲೀಪರಿನಡಿಗೆ ಜಲ್ಲಿ ತಳ್ಳಿ, ಕುಟ್ಟಿ ಗಟ್ಟಿ ಮಾಡಿದರಾಯಿತು. ಸುರಂಗದಲ್ಲಿ ಹಳಿ ಸಾಮಾನ್ಯವಾಗಿ ಕಾಂಕ್ರೀಟಿಗೇ ಬಿಗಿದಿರುತ್ತದೆ. ಅಲ್ಲಿ ಹಳಿಯಡಿಗೆ ತೆಳು ತಗಡುಗಳನ್ನು ಸೇರಿಸಿ ಮಟ್ಟ ಸರಿಪಡಿಸಬೇಕು. ತಗಡು ಎಷ್ಟೆಂದು ಪೇರಿಸುವುದು? ಮಿತಿ ಮುಗಿದ ಮೇಲೆ ಕಾಂಕ್ರೀಟನ್ನೇ ಒಡೆದು ಹೊಸದಾಗಿ ಹಾಕಬೇಕು, ಇಲ್ಲವೇ ಸುರಂಗದ ಅಡಿಗೆ ಸಿಮೆಂಟ್ ಹಾಲು ಒತ್ತಡದಲ್ಲಿ ನುಗ್ಗಿಸಿ ಎತ್ತಬೇಕು. ಅದೂ ರಾತ್ರಿ ಕೊನೆಯ ರೈಲಿಗೂ ಬೆಳಗಿನ ಮೊದಲ ರೈಲಿಗೂ ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ.

ಟೋಕಿಯೋ ಕೊನೆಗೆ ಬುಡಕ್ಕೇ ಕೈಹಾಕಿತು. 1956ರಲ್ಲಿ ಕಾರ್ಖಾನೆಗಳ ಅಂತರ್ಜಲಕ್ಕೆ ಕಾನೂನಿನ ಕಡಿವಾಣ, 1962ರಲ್ಲಿ ಕಟ್ಟಡಗಳು ಎತ್ತುವ ನೀರಿಗೂ. ಅನಿಲದ ಹಕ್ಕನ್ನು ನಗರಾಡಳಿತವೇ ಕೊಂಡುಕೊಂಡು 1972ರ ಕೊನೆಗೆ ಆ ಪಂಪುಗಳನ್ನು ನಿಲ್ಲಿಸಿತು. ಕುಸಿತ ಹತೋಟಿಗೆ ಬಂತು. ಎಂಥ ಗೆಲುವು! ಇಲ್ಲಿಗೇ ಮುಗಿದಿದ್ದರೆ ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದ ಪಾಠವಾಗುತ್ತಿತ್ತು.

ಈಗ ಇನ್ನೊಂದು ತಾರೀಖು ಗಮನಿಸಿ. ಟೋಕಿಯೋ ನಿಲ್ದಾಣದ ನೆಲದಡಿಯ ಸೋಬು ಮಾರ್ಗದ ಪ್ಲಾಟ್‌ಫಾರ್ಮುಗಳು ಉದ್ಘಾಟನೆಯಾದದ್ದು 1972ರ ಜುಲೈ 15ರಂದು. ಅದನ್ನು ಕಟ್ಟುವಾಗ ಅಂತರ್ಜಲ ರಸ್ತೆಯಿಂದ ಸುಮಾರು 35 ಮೀಟರ್ ಆಳದಲ್ಲಿತ್ತು, ನಿಲ್ದಾಣದ ತಳಕ್ಕಿಂತಲೂ ಕೆಳಗೆ. ಎಂಜಿನಿಯರುಗಳು ಒಣ ಮಣ್ಣಿನಲ್ಲಿ ಒಂದು ಬೃಹತ್ ಕಾಂಕ್ರೀಟ್ ಪೆಟ್ಟಿಗೆ ಕಟ್ಟಿದರು. ಅದೇ ವರ್ಷ ಪಂಪುಗಳು ನಿಂತು, ನೀರು ಮೇಲಕ್ಕೆ ಹೊರಟಿತು! ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದು ಸುಮಾರು 15 ಮೀಟರ್ ಆಳಕ್ಕೆ ಬಂದು ಮುಟ್ಟಿತ್ತು. 1985ರಲ್ಲಿ ತೆರೆದ ಉಯೆನೊದ ಶಿಂಕಾನ್‌ಸೆನ್ ನಿಲ್ದಾಣದ ಕಥೆಯೂ ಇದೇ. ಖಾಲಿ ಕೊಡವನ್ನು ಬಾವಿ ನೀರಿಗೆ ನೆಟ್ಟಗೆ ಒತ್ತಿ ನೋಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ರೈಲು, ಅಂಗಡಿ, ಎಸ್ಕಲೇಟರು, ಜನ ಎಲ್ಲ ಇದ್ದರೂ ಭೂಗತ ನಿಲ್ದಾಣದ ಮುಕ್ಕಾಲುಪಾಲು ಗಾಳಿಯೇ. ಒಣ ನೆಲಕ್ಕೆಂದು ಕಟ್ಟಿದ ಕಟ್ಟಡ ಯಾರಿಗೂ ಕಾಣದಂತೆ ದೋಣಿಯಾಗಿ ಮಾರ್ಪಟ್ಟಿತ್ತು.

ಇದು ಬರೀ ಕಾಗದದ ಮೇಲಿನ ಭಯವೂ ಆಗಿರಲಿಲ್ಲ. ಟೋಕಿಯೋದ ಪಶ್ಚಿಮಕ್ಕೆ ಮುಸಾಶಿನೊ ಮಾರ್ಗದಲ್ಲಿ ಶಿನ್-ಕೊಡೈರಾ ಎಂಬ ನಿಲ್ದಾಣವಿದೆ, ಎರಡು ಸುರಂಗಗಳ ನಡುವೆ ಆಳವಾಗಿ ಕಡಿದ ಕಂದಕದಲ್ಲಿ. 1991ರ ಶರತ್ಕಾಲದಲ್ಲಿ ಮಳೆ ಬಿಡದೆ ಹೊಡೆಯಿತು, ಅಂತರ್ಜಲ ಏರಿತು. ಅಕ್ಟೋಬರ್ 11ರಂದು ನಿಲ್ದಾಣದ ಕಾಂಕ್ರೀಟ್ ತೊಟ್ಟಿ ತಡೆಯಲಾರದೆ ಮೇಲೆದ್ದಿತು, ಒಂದಿಷ್ಟು ಸೆಂಟಿಮೀಟರ್ ಅಲ್ಲ, ಗರಿಷ್ಠ 1.3 ಮೀಟರ್! ಕೀಲುಗಳು ಬಿಟ್ಟುಕೊಂಡು ನೀರು ನುಗ್ಗಿ ಹಳಿಗಳು ಮುಳುಗಿದವು. ಆ ಭಾಗದಲ್ಲಿ ರೈಲು ಮತ್ತೆ ಓಡಿದ್ದು ಎರಡು ತಿಂಗಳ ನಂತರ, ಡಿಸೆಂಬರಿನಲ್ಲಿ. ಹಳಿ ಕುಸಿದ ಸುದ್ದಿ ನಾವು ಎಷ್ಟೋ ಕೇಳಿದ್ದೇವೆ. ಹಳಿ ಎದ್ದ ಸುದ್ದಿ?

ಹೀಗಾಗಿ ಉಯೆನೊದಲ್ಲಿ ಆ ಕಬ್ಬಿಣ ಬಂತು. ನೀರು ಇನ್ನೂ ಏರಿದರೆ ಭಾರವೊಂದೇ ಸಾಲದೆಂದು ಆಮೇಲೆ ಇನ್ನೊಂದು ಉಪಾಯ ಸೇರಿತು. ನಿಲ್ದಾಣದ ತಳದಿಂದ ಕೆಳಗಿನ ಗಟ್ಟಿ ಪದರಕ್ಕೆ ರಂಧ್ರ ಕೊರೆದು, ಉಕ್ಕಿನ ಹುರಿಗಳನ್ನು ಇಳಿಸಿ, ಸಿಮೆಂಟಿನಲ್ಲಿ ಕಚ್ಚಿಸಿ, ಮೇಲಿನಿಂದ ಬಿಗಿದು ಕಟ್ಟಿದರು. ಟೋಕಿಯೋ ನಿಲ್ದಾಣದ ಸೋಬು ಪ್ಲಾಟ್‌ಫಾರ್ಮುಗಳಡಿಯಲ್ಲೂ ಇಂಥ ಸುಮಾರು 130 ಆ್ಯಂಕರುಗಳಿವೆ. ಹಡಗಿಗೆ ಲಂಗರು ಹಾಕುತ್ತಾರೆ. ಇಲ್ಲಿ ಲಂಗರು ಬಿದ್ದಿರುವುದು ಜಗತ್ತಿನ ಅತಿ ಗಡಿಬಿಡಿಯ ರೈಲು ನಿಲ್ದಾಣಗಳಲ್ಲಿ ಒಂದಕ್ಕೆ!

ನನಗಂತೂ ಎಲ್ಲಕ್ಕಿಂತ ಇಷ್ಟವಾದದ್ದು ಸೋರಿದ ನೀರಿನ ಕಥೆ. ಸೋಬು ಮಾರ್ಗದ ಸುರಂಗದ ಗೋಡೆಯಲ್ಲಿ ಜಿನುಗುವ ನೀರನ್ನು ಹಗಲೂ ರಾತ್ರಿ ಹೊರಹಾಕಲೇಬೇಕು. ಒಳಚರಂಡಿಗೆ ಬಿಟ್ಟರೆ ರೈಲು ಕಂಪನಿ ಶುಲ್ಕ ತೆರಬೇಕು, ಶುದ್ಧ ನೀರೂ ವ್ಯರ್ಥ. ನಗರದ ದಕ್ಷಿಣದಲ್ಲಿ ತಾಚಿಯಾಯಿ ಎಂಬ ಪುಟ್ಟ ನದಿ ನೀರಿಲ್ಲದೆ ನಾರುತ್ತಿತ್ತು. ಸುರಂಗದೊಳಗೇ ಸುಮಾರು 12 ಕಿಲೋಮೀಟರ್ ಕೊಳವೆ ಎಳೆದು, 2002ರಿಂದ ಆ ನೀರನ್ನು ನದಿಗೆ ಬಿಟ್ಟರು. ಮರುವರ್ಷವೇ ಬೋರಾ ಎಂಬ ಮೀನುಗಳು ಸಮುದ್ರದ ಕಡೆಯಿಂದ ನದಿಗೆ ನುಗ್ಗಿ, ನೀರೇ ಕಾಣದ ಹಾಗೆ ಹಿಂಡುಗಟ್ಟಿದವು. ನೋಡಲು ಊರೇ ಸೇರಿತು. ಉಯೆನೊದ ಸೋರಿಕೆ ನೀರು ಪಕ್ಕದ ಉದ್ಯಾನದ ಶಿನೊಬಾಜು ಕೊಳಕ್ಕೆ, ತಾವರೆಗಳ ಬುಡಕ್ಕೆ ಹೋಗುತ್ತದೆ. ರೈಲು ಇಲಾಖೆಯ ತಲೆನೋವು ಹೀಗೆ ಊರಿಗೆ ಉಪಕಾರವಾದ ಉದಾಹರಣೆಗಳು ನಮ್ಮಲ್ಲಿ ಎಷ್ಟಿವೆಯೋ.

ಜಪಾನಿನಲ್ಲಿ ಎಲ್ಲವೂ ಹೀಗೆ ಸುಸೂತ್ರ ಎಂದುಕೊಳ್ಳಬೇಡಿ. 2016ರ ನವೆಂಬರ್ 8ರ ನಸುಕಿನಲ್ಲಿ ಫುಕುಒಕಾದ ಹಕಾತಾ ನಿಲ್ದಾಣದ ಎದುರಿನ ರಸ್ತೆ ಬಾಯ್ದೆರೆಯಿತು. ಸುಮಾರು 30 ಮೀಟರ್ ಉದ್ದ, 27 ಮೀಟರ್ ಅಗಲ, 15 ಮೀಟರ್ ಆಳ. ಅಡಿಯಲ್ಲಿ ನನಾಕುಮಾ ಮೆಟ್ರೋ ಮಾರ್ಗದ ಸುರಂಗ ಕೊರೆಯುತ್ತಿದ್ದರು. ಸುರಂಗದ ತಲೆಯ ಮೇಲಿನ ಬಂಡೆ ಎಣಿಸಿದ್ದಕ್ಕಿಂತ ತೆಳುವಾಗಿ, ದುರ್ಬಲವಾಗಿತ್ತು. ಅದರ ಮೇಲೆ ನೀರು ತುಂಬಿದ ಮರಳು. ಇಲ್ಲೂ ನೀರೇ! ಬಂಡೆಯ ಚೂರುಗಳು ಉದುರತೊಡಗಿದ್ದನ್ನು ಕಂಡ ಕೆಲಸಗಾರರು ಹೊರಗೋಡಿ ಬಂದು ರಸ್ತೆ ಬಂದ್ ಮಾಡಿಸಿದರು. ಅಷ್ಟರಲ್ಲಿ ನೆಲ ಹೋಯಿತು. ಒಂದೇ ಒಂದು ಜೀವ ಹೋಗಲಿಲ್ಲ. ಮಣ್ಣಿಗೆ ಸಿಮೆಂಟ್ ಕಲಸಿದ, ನೀರಿನೊಳಗೂ ಗಟ್ಟಿಯಾಗುವ ಮಿಶ್ರಣವನ್ನು ಲಾರಿಗಟ್ಟಲೆ ಸುರಿದು ಒಂದೇ ವಾರಕ್ಕೆ ರಸ್ತೆ ತೆರೆದರು, ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಮೆಟ್ರೋ ಮಾರ್ಗ ಅಲ್ಲಿಗೆ ತಲುಪಿದ್ದು 2023ರ ಮಾರ್ಚಿನಲ್ಲಿ. ಚಪ್ಪಾಳೆ ವಾರದ್ದು, ಕೆಲಸ ವರ್ಷಗಳದ್ದು.

ಕುಸಿತ ಕಣ್ಣಿಗೆ ಕಾಣುವ ಮೊದಲೇ ಅದನ್ನು ಹಿಡಿಯುವುದೂ ಒಂದು ವಿದ್ಯೆ. ಲಂಡನ್ನಿನಲ್ಲಿ 1990ರ ದಶಕದಲ್ಲಿ ಜುಬಿಲಿ ಮಾರ್ಗದ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣಕ್ಕೆ 39 ಮೀಟರ್ ಆಳದ ಹೊಂಡ ತೋಡಬೇಕಾಯಿತು, 96 ಮೀಟರ್ ಎತ್ತರದ ಬಿಗ್ ಬೆನ್ ಗಡಿಯಾರ ಗೋಪುರದ ಮಗ್ಗುಲಲ್ಲೇ. ಅಗೆದರೆ ಗೋಪುರ ವಾಲುವುದು ಖಂಡಿತ. ಅವರೇನು ಮಾಡಿದರು? ಮೊದಲೇ ಗೋಪುರದ ತಳಪಾಯದ ಅಡಿಗೆ ಅಡ್ಡಡ್ಡ ಕೊಳವೆಗಳನ್ನು ತೂರಿಸಿಟ್ಟರು. ಗೋಪುರದೊಳಗೆ ಗಾರೆಯವರ ತೂಗುಗುಂಡಿನ ತತ್ವದಲ್ಲೇ ವಾಲಿಕೆ ಅಳೆದರು. ಒಂದೆರಡು ಮಿಲಿಮೀಟರ್ ವಾಲಿತೋ, ಆ ಜಾಗಕ್ಕೆ ಸರಿಯಾಗಿ ಸಿಮೆಂಟ್ ಹಾಲು ಬಿಟ್ಟು ಮಣ್ಣನ್ನು ಉಬ್ಬಿಸಿದರು. ಮತ್ತೆ ಅಗೆತ, ಮತ್ತೆ ಅಳತೆ, ಮತ್ತೆ ಸಿಮೆಂಟ್ ಹಾಲು. ಗೋಪುರದ ಉಸ್ತುವಾರಿಯಲ್ಲಿದ್ದ ಜಾನ್ ಬರ್ಲಂಡ್ ಪೀಸಾದ ವಾಲುಗೋಪುರವನ್ನು ಉಳಿಸಿದ ತಂಡದಲ್ಲೂ ಇದ್ದವರು. ಶಾಂಘೈಯಲ್ಲಿ ಇನ್ನೊಂದು ಬಗೆ: 1960ರ ದಶಕದಲ್ಲೇ ಅಲ್ಲಿನ ಬಟ್ಟೆ ಗಿರಣಿಗಳು ಚಳಿಗಾಲದ ತಣ್ಣೀರನ್ನು ಬಾವಿಗಳ ಮೂಲಕ ನೆಲಕ್ಕೆ ವಾಪಸು ಕೊಟ್ಟವು, ಬೇಸಿಗೆಯಲ್ಲಿ ಅದನ್ನೇ ಎತ್ತಿ ಗಿರಣಿ ತಂಪು ಮಾಡಿಕೊಂಡವು. ಕುಸಿತಕ್ಕೂ ಮದ್ದು, ಸೆಕೆಗೂ ಮದ್ದು.

ಎಲ್ಲ ಊರಿಗೂ ಮದ್ದು ಸಿಕ್ಕಿಲ್ಲ. ಮೆಕ್ಸಿಕೋ ಸಿಟಿ ಕೂತಿರುವುದು ಬತ್ತಿಸಿದ ಸರೋವರದ ತಳದ ಮೇಲೆ. ಅಲ್ಲಿನ ಜೇಡಿಯಲ್ಲಿ ಮಣ್ಣಿಗಿಂತ ನೀರಿನ ತೂಕವೇ ಹಲವು ಪಟ್ಟು ಹೆಚ್ಚು. ನೀರೆತ್ತುವುದೇ ಕುಸಿತಕ್ಕೆ ಕಾರಣವೆಂದು ಎಂಜಿನಿಯರ್ ನಬೋರ್ ಕರೀಯೋ 1940ರ ದಶಕದಲ್ಲೇ ತೋರಿಸಿಕೊಟ್ಟರೂ ಕೋಟ್ಯಂತರ ಜನರ ಬಾಯಾರಿಕೆಗೆ ಬೇರೆ ದಾರಿ ಸಾಲಲಿಲ್ಲ. ಕೆಲವು ಕಡೆ ನೆಲ ಇಂದಿಗೂ ವರ್ಷಕ್ಕೆ 50 ಸೆಂಟಿಮೀಟರಿನವರೆಗೆ ಇಳಿಯುತ್ತಿದೆ. 1910ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ದೇವತೆಯ ಸ್ತಂಭ ಆಳದ ಕಂಬಗಳ ಮೇಲಿದೆ. ಸುತ್ತಲಿನ ರಸ್ತೆ ತಗ್ಗುತ್ತಾ ಹೋದಂತೆ ಬುಡಕ್ಕೆ 14 ಮೆಟ್ಟಿಲು ಹೊಸದಾಗಿ ಸೇರಿಸಬೇಕಾಯಿತು! 1969ರಲ್ಲಿ ಮೆಟ್ರೋ ಕಟ್ಟಿದವರಿಗೆ ಈ ಮಣ್ಣಿನ ಸ್ವಭಾವ ಗೊತ್ತಿತ್ತು. ಅಗೆದು ತೆಗೆದ ಮಣ್ಣಿನ ತೂಕಕ್ಕೆ ಸರಿದೂಗುವಷ್ಟೇ ತೂಕದ ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಹಳಿ ಹಾಕಿದರು. ಟೋಕಿಯೋದಲ್ಲಿ ಆಕಸ್ಮಿಕವಾಗಿ ಒದಗಿದ ತೇಲುವಿಕೆಯನ್ನು ಇಲ್ಲಿ ಬೇಕೆಂದೇ ಲೆಕ್ಕ ಹಾಕಿ ಕಟ್ಟಿದ್ದು. ಆದರೂ ಮಣ್ಣು ಎಲ್ಲೆಡೆ ಒಂದೇ ಸಮ ಇಳಿಯುವುದಿಲ್ಲವಲ್ಲ. 1991ರಲ್ಲಿ ತೆರೆದ ‘ಎ’ ಮಾರ್ಗದ ಹಳಿಗಳನ್ನು ಮತ್ತೆ ಮತ್ತೆ ಮಟ್ಟ ಮಾಡುವುದೇ ಕೆಲಸವಾಗಿದೆ.

ಇಷ್ಟು ವಿಸ್ತಾರದ ಕುಸಿತವನ್ನು ನೆಲದ ಮೇಲೆ ನಿಂತು ಅಳೆದು ಪೂರೈಸುವುದಿಲ್ಲ, ಆಕಾಶಕ್ಕೇ ಹೋಗಬೇಕು. ಉಪಗ್ರಹ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಹಾದು ರೇಡಾರ್ ಅಲೆ ಕಳಿಸುತ್ತದೆ. ಮರಳಿ ಬಂದ ಅಲೆಯ ಏರಿಳಿತ ಹಿಂದಿನ ಸಲಕ್ಕಿಂತ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿದರೆ, ನೂರಾರು ಕಿಲೋಮೀಟರ್ ಎತ್ತರದಿಂದ ನೆಲದ ಕೆಲವೇ ಮಿಲಿಮೀಟರ್ ಚಲನೆ ಸಿಕ್ಕಿಬೀಳುತ್ತದೆ. ಇಂಥ ಕೆಲಸಕ್ಕೆಂದೇ ಹೊರಟ ನಿಸಾರ್ ಉಪಗ್ರಹವನ್ನು ನಾಸಾ ಮತ್ತು ಇಸ್ರೋ ಸೇರಿ ಕಟ್ಟಿದ್ದು. ಎರಡೂ ದೇಶಗಳ ರೇಡಾರುಗಳು ಉಪಗ್ರಹದ ಒಡಲಿಗೆ ಸೇರಿದ್ದು ನಮ್ಮ ಬೆಂಗಳೂರಿನಲ್ಲಿ! 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಅದು 12 ಮೀಟರ್ ಅಗಲದ ಕೊಡೆಯಂಥ ಆ್ಯಂಟೆನಾ ಬಿಚ್ಚಿಕೊಂಡು 747 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ, 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತಾ.

ಬೆಂಗಳೂರಿನ ಮಾತು ಬಂತಲ್ಲ, ಬೋರ್‌ವೆಲ್ ಕೊರೆದು ಕೊರೆದು ಬರಿದು ಮಾಡಿದ ಈ ಊರು ಟೋಕಿಯೋದಂತೆ ಯಾಕೆ ಮುಳುಗಲಿಲ್ಲ? ಅಡಿಯಲ್ಲಿರುವುದು ಗಟ್ಟಿ ಬಂಡೆ. ಆಳದ ನೀರು ಇರುವುದು ಅದರ ಬಿರುಕುಗಳಲ್ಲಿ. ನೀರು ಹೋದರೂ ಬಂಡೆ ಜೇಡಿಯಂತೆ ಕುಗ್ಗುವುದಿಲ್ಲ. ಹಾಗೆಂದು ಸುರಂಗದವರಿಗೆ ಸುಖವಿಲ್ಲ. ಸುರಂಗ ಕೊರೆಯುವ ಒಂದೇ ಯಂತ್ರದ ಮುಖದ ಅರ್ಧಕ್ಕೆ ಕಗ್ಗಲ್ಲು, ಇನ್ನರ್ಧಕ್ಕೆ ಉದುರುಮಣ್ಣು ಸಿಗುವ ನೆಲ ಇದು. ಕಲ್ಲು ಕೊರೆಯಲು ನಿಧಾನಿಸಿದರೆ ಮಣ್ಣು ಮೇಲಿನಿಂದ ಜಾರಿಬರುತ್ತದೆ, ಜಾರಿದ ಜಾಗ ಟೊಳ್ಳಾಗಿ ಮುಂದೊಂದು ದಿನ ರಸ್ತೆ ಕುಸಿಯುತ್ತದೆ. ಇದರ ಮೇಲೆ ಹಳೆಯ ಬಾವಿಗಳು! ಯಾವುದೋ ಕಾಲದಲ್ಲಿ ಕಸ, ಮಣ್ಣು ತುಂಬಿ ಮುಚ್ಚಿ, ಮೇಲೆ ಮನೆ ಎಬ್ಬಿಸಿದ ಬಾವಿಗಳು ಯಾವ ನಕ್ಷೆಯಲ್ಲೂ ಇಲ್ಲ. ಮೆಟ್ರೋ ಯಂತ್ರ ಅಡಿಯಲ್ಲಿ ಹಾದಾಗ ಅಂಥ ಬಾವಿ ಕುಸಿದು ಮನೆಯ ನೆಲವೇ ಬಾಯ್ಬಿಟ್ಟದ್ದು ಇಲ್ಲಿ ನಡೆದಿದೆ. ಸುರಂಗ ಹೊರಡುವ ಮುನ್ನ ಮೇಲಿನ ಕಟ್ಟಡಗಳ ಸರ್ವೆಯಾಗುತ್ತದೆ, ಗೋಡೆ ಬಿರುಕುಗಳ ಫೋಟೋ ತೆಗೆಯುತ್ತಾರೆ, ಗೋಡೆ ಸರಿಯುವುದನ್ನು ಅಳೆಯಲು ಪ್ರಿಸಂ ಕೂರಿಸುತ್ತಾರೆ. ನಿಸಾರ್ ಕಣ್ಣಿಗೂ ಬೀಳದ ಆ ಬಾವಿ ಎಲ್ಲಿತ್ತೆಂದು ಹೇಳಬಲ್ಲವರು, ಒಂದು ಕಾಲಕ್ಕೆ ಅದರ ನೀರು ಸೇದಿದ ಆ ಬೀದಿಯ ಅಜ್ಜಿಯರು. ಸರ್ವೆಯವರು ಬಾಗಿಲು ತಟ್ಟಿದಾಗ ಮೊದಲು ಅವರನ್ನು ಕರೆಸಿ ಮಾತಾಡಿಸಲಿ.